ಮಡಚಿ ಹಾಸಿದ ಜಮಖಾನ

ನಾನು ಒಂದು ಜಮಖಾನ. ಈಗ ಅರ್ಧ ಜಮಖಾನ ಎನ್ನಬೇಕು. ಆದರೆ ಹುಟ್ಟುವಾಗ ಪೂರ್ತಿಯಾಗಿಯೇ ಹುಟ್ಟಿದವನು. ನವಲಗುಂದದ ಒಂದು ಓಣಿಯಲ್ಲಿ, ನಡುಮನೆಯ ಮಗ್ಗದ ಮೇಲೆ ಜೈಬುನ್ನಿಸಾ ಎಂಬಾಕೆ ನನ್ನನ್ನು ನೇಯ್ದಳು. ಕೆಂಪು, ಹಳದಿ, ನೀಲಿ ಪಟ್ಟಿಗಳು. ಈ ತುದಿಗೊಂದು ನವಿಲು, ಆ ತುದಿಗೊಂದು ನವಿಲು, ಎರಡೂ ಒಂದನ್ನೊಂದು ನೋಡುತ್ತಿದ್ದವು. “ಮಂದಿ ಕೂಡು ಜಾಗಾಕ್ಕ ಹೊಂಟದಂತ. ಗಟ್ಟಿ ನೇಯಬೇಕು, ಭಾಳ ಕಾಲು ತಾಳಬೇಕಲ್ಲ” ಎಂದು ಆಕೆ ಪಕ್ಕದ ಮಗ್ಗದವಳಿಗೆ ಹೇಳಿದ್ದು ನಾನು ಕೇಳಿದ ಮೊದಲ ಮಾತು.

ಆಕೆ ಹೇಳಿದ್ದು ಸುಳ್ಳಾಗಲಿಲ್ಲ. ಹುಬ್ಬಳ್ಳಿಯ ಸಂಜೀವಿನಿ ಕಾಲನಿಯ ಸಮುದಾಯ ಭವನಕ್ಕೆ ಬಂದ ಮೇಲೆ ನನಗೆ ಬಿಡುವೆಂಬುದೇ ಇರಲಿಲ್ಲ. ಬೆಳಗಾದರೆ ಯೋಗ, ಸೋಮವಾರ ಭಜನೆ, ಬೇಸಿಗೆಯಲ್ಲಿ ಮಕ್ಕಳ ಶಿಬಿರ, ನಡುನಡುವೆ ರಂಗೋಲಿ ಸ್ಪರ್ಧೆಯ ಬಹುಮಾನ, ಪೋಲಿಯೊ ಹನಿ, ರಕ್ತದಾನ. ನಾನು ಜನರ ಮುಖ ನೋಡಿದ್ದು ಕಡಿಮೆ. ಕಾಲಿನಿಂದಲೇ ಗುರುತು ಹಿಡಿಯುತ್ತೇನೆ. ಯೋಗದವರ ಹಿಮ್ಮಡಿ ಎಣ್ಣೆ ಸವರಿ ನುಣ್ಣಗಾಗಿರುತ್ತಿತ್ತು. ಭಜನೆಯವರು ಕೂತರೆ ಏಳುತ್ತಿರಲಿಲ್ಲ, ಎದ್ದರೆ ಮೊಣಕಾಲು ಹಿಡಿದು ದೇವರನ್ನು ನೆನೆಯುತ್ತಿದ್ದರು, ಹಾಡುವಾಗ ನೆನೆದದ್ದಕ್ಕಿಂತ ಹೆಚ್ಚು ಭಕ್ತಿಯಿಂದ.

ಶನಿವಾರ ನಾಲ್ಕು ಗಂಟೆಗೆ ಬರುತ್ತಿದ್ದ ಕಾಲುಗಳೇ ಬೇರೆ. ಬಿರುಕು ಬಿಟ್ಟ ಹಿಮ್ಮಡಿ, ಸೋಪಿನ ನೀರಿಗೆ ಬೆಳ್ಳಗಾದ ಬೆರಳು. ಮನೆಗೆಲಸದವರು, ಕಸ ಗುಡಿಸುವವರು, ರೊಟ್ಟಿ ಬಡಿಯುವವರು, ಎಲ್ಲ ಓದಲು ಕಲಿಯಲು ಬಂದ ಹೆಂಗಸರು. ಕಲಿಸುತ್ತಿದ್ದವಳು ಪ್ರಮೀಳಾ. ಅಂಗನವಾಡಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದಳು. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲಿದ್ದಳು. ಎಲ್ಲರೂ ಅವಳನ್ನು ‘ಅಕ್ಕಾರ’ ಎನ್ನುತ್ತಿದ್ದರು.

ಮೊದಲ ವರ್ಷ ನನ್ನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಫೋನು ಬಂತು. ಒಂದು ಶನಿವಾರ ರೊಟ್ಟಿ ಬಡಿಯುವ ಶಾಂತವ್ವ ಬರೆಯುವ ಪಾಟಿ ಕೆಳಗಿಟ್ಟು, “ಇನ್ನ ಕಲಿಯೂದ ಯಾಕ್ರಿ ಅಕ್ಕಾರ? ಫೋಟೊ ತಗದ್ರ ಫೋನ ಓದಿ ಹೇಳ್ತದ” ಎಂದು ಎದ್ದು ಹೋದಳು. ಅವಳ ಹಿಂದೆ ಇನ್ನಿಬ್ಬರು. ವಾರ ಕಳೆದಂತೆ ನನ್ನ ಪಟ್ಟಿಗಳು ಒಂದೊಂದಾಗಿ ತಣ್ಣಗಾದವು.

ಇಲ್ಲಿ ನಮ್ಮ ಭವನದ ಒಂದು ಪದ್ಧತಿ ಹೇಳಬೇಕು. ಕೂತ ಜನರ ತಲೆ ಎಣಿಸುವುದು ಒಳ್ಳೆಯದಲ್ಲ ಎಂದು ಕಾಲನಿಯ ಸಂಘ ಕಟ್ಟಿದ ಹಿರಿಯರು ನಂಬಿದ್ದರು. ಆದ್ದರಿಂದ ಹಾಜರಿ ಪುಸ್ತಕ ಇರಲಿಲ್ಲ. ಕಾರ್ಯದರ್ಶಿ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಜಮಖಾನ ತುಂಬಿದ್ದರೆ ತರಗತಿ ನಡೆಯುತ್ತಿದೆ ಎಂದರ್ಥ. ಮೂರು ವಾರ ಸಾಲಾಗಿ ಅರ್ಧ ಜಮಖಾನ ಖಾಲಿ ಕಂಡರೆ ಆ ಹೊತ್ತು ಬೇರೆಯವರಿಗೆ. ಶನಿವಾರದ ನಾಲ್ಕು ಗಂಟೆಯ ಮೇಲೆ ಮಕ್ಕಳ ಅಬಾಕಸ್ ತರಗತಿಯವರು ಆಗಲೇ ಕಣ್ಣಿಟ್ಟಿದ್ದರು.

ಪ್ರಮೀಳಾಗೆ ಆ ಹೊತ್ತು ಬೇಕೇ ಬೇಕಿತ್ತು. ಕಾರಣ ದುರ್ಗವ್ವ. ನರ್ಸಿಂಗ್ ಹೋಮೊಂದರಲ್ಲಿ ನೆಲ ಒರೆಸುವ ದುರ್ಗವ್ವನಿಗೆ ಪವಿತ್ರಾ ಎಂಬ ಮಗಳಿದ್ದಳು. ಎಂಟನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ತೀರಿಹೋದಳು. ಗಂಡ ಹುಡುಗಿಯ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದ. ದುರ್ಗವ್ವನಿಗೆ ಉಳಿದದ್ದು ಸೆರಗಿನಲ್ಲಿ ಬಚ್ಚಿಟ್ಟ ಒಂದು ನೋಟಬುಕ್ಕು. ಮನೆಯಲ್ಲಿಟ್ಟರೆ ಅದೂ ಹೋದೀತೆಂದು ಹೆದರಿ, ತರಗತಿ ಮುಗಿದ ಮೇಲೆ ನನ್ನ ಮಡಿಕೆಯೊಳಗೆ ಇಟ್ಟು ಹೋಗುತ್ತಿದ್ದಳು. ಶನಿವಾರ ಎಲ್ಲರಿಗಿಂತ ಮೊದಲು ಬಂದು ತೆಗೆಯುತ್ತಿದ್ದಳು. ವಾರಪೂರ್ತಿ ಯಾರು ನನ್ನನ್ನು ಹಾಸಿದರೂ ಭವನದ ಆಯಾ ಅದನ್ನು ಕಪಾಟಿನಲ್ಲಿ ಜೋಪಾನ ಮಾಡಿ, ಮತ್ತೆ ನನ್ನ ಹೊಟ್ಟೆಗೇ ಸೇರಿಸುತ್ತಿದ್ದಳು.

“ಫೋನಿಗೆ ತೋರಿಸಿದ್ರ ಈಗಿಂದೀಗ ಓದ್ತದಲ್ಲವಾ” ಎಂದು ಯಾರೋ ಅಂದಾಗ ದುರ್ಗವ್ವ ಸಿಡಿದಿದ್ದಳು. “ನನ್ನ ಮಗಳ ಮಾತು ಫೋನಿನ ಬಾಯಾಗ ಕೇಳಲೇನು? ನಾನ ಓದಾಕಿ. ಎಷ್ಟ ದಿನಾ ಹಿಡದರೂ ಹಿಡೀಲಿ.”

ಪ್ರಮೀಳಾ ಅವಳ ಕೈ ಹಿಡಿದು, “ನೀ ಓದೂತನಕಾ ನಾ ಈ ತರಗತಿ ನಿಲ್ಲಸೂದಿಲ್ಲವಾ” ಎಂದು ಮಾತು ಕೊಟ್ಟಳು. ಆ ಮಾತು ಉಳಿಸಲು ಬೇರೆ ಜಾಗವಿರಲಿಲ್ಲ. ತಮ್ಮನ ಹೆಂಡತಿ ಈ ಹೆಂಗಸರನ್ನು ಗೇಟಿನೊಳಗೆ ಬಿಡುವವಳಲ್ಲ. ದುರ್ಗವ್ವನ ಮನೆಯಲ್ಲಿ ಗಂಡನಿದ್ದಾನೆ. ಬೇರೆ ದಿನ ದುರ್ಗವ್ವನಿಗೆ ರಜೆ ಇಲ್ಲ. ಇದ್ದದ್ದು ಈ ಭವನ, ಈ ಹೊತ್ತು, ನಾನು.

ದುರ್ಗವ್ವನೋ ನಿಧಾನದವಳು. ಇವತ್ತು ಕಲಿತದ್ದು ಮುಂದಿನ ಶನಿವಾರಕ್ಕೆ ಮರೆತಿರುತ್ತಿದ್ದಳು. ಮರೆತದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ನನಗೂ ಅಕ್ಷರ ಬಾರದು. ಆದರೂ ಅವಳ ಬೆರಳು ನನ್ನ ಮೇಲೆ ‘ತ’ ತಿದ್ದಿ ತಿದ್ದಿ ನನಗೆ ಅದೊಂದು ಬಂದುಬಿಟ್ಟಿತ್ತು.

ಹತ್ತು ಹನ್ನೆರಡು ಜನ ಉಳಿದ ಒಂದು ಶನಿವಾರ ಪ್ರಮೀಳಾ ಬೇಗ ಬಂದಳು. ಬಾಗಿಲತ್ತ ಒಮ್ಮೆ ನೋಡಿ ನನ್ನನ್ನು ನಡುವಿಗೆ ಮಡಚಿ ಹಾಸಿದಳು. ಹುಟ್ಟಿದಂದಿನಿಂದ ದೂರ ನಿಂತು ನೋಡುತ್ತಿದ್ದ ನನ್ನ ನವಿಲುಗಳೆರಡೂ ಮುಖಕ್ಕೆ ಮುಖ ತಾಗಿ ಮಲಗಿದವು. ಕಾರ್ಯದರ್ಶಿ ಗಾಣಿಗೇರ ಬಾಗಿಲಿಗೆ ಬಂದು, “ಜಮಖಾನಾ ತುಂಬೇದಲ್ರಿ ಅಕ್ಕಾರ, ಚಲೋ ಆತು” ಎಂದು ಹೋದರು. ಪ್ರಮೀಳಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೋಸ ಮಾಡಿ ಅಭ್ಯಾಸವಿಲ್ಲದವಳು, ಅವತ್ತೆಲ್ಲ ಬಾಗಿಲಿಗೆ ಬೆನ್ನು ಹಾಕಿಯೇ ಪಾಠ ಹೇಳಿದಳು.

ಹೀಗೆ ಏಳೆಂಟು ತಿಂಗಳು ಕಳೆಯಿತು. ಗಾಣಿಗೇರರು ಕೆಟ್ಟವರಲ್ಲ. ಭವನದ ಪ್ರತಿಯೊಂದು ಮೊಳೆಯ ಮೇಲೂ ಅವರಿಗೆ ಪ್ರೀತಿ. ಆ ಪ್ರೀತಿಯೇ ನನಗೆ ಮುಳುವಾಯಿತು. ಒಂದು ಶನಿವಾರ ಅವರು ಒಳಗೇ ಬಂದು ನನ್ನ ಅಂಚು ಎತ್ತಿ ನೋಡಿದರು. ಕೂರಲು ಮೆತ್ತಗಿರಲೆಂದು ಮಡಚಿದ್ದಾರೆ ಎಂದುಕೊಂಡರು. “ಅಯ್ಯ, ನಿಮಗ ಅರ್ಧಾನ ಸಾಕಾಗ್ತದಲ್ರಿ! ಮ್ಯಾಲಿನ ಕೋಣಿಗೆ ಒಂದು ಜಮಖಾನಾ ಬೇಕಂತ ಯೋಗದವ್ರು ನನ್ನ ತಲಿ ತಿನ್ನಾಕತ್ತಾರ. ಕತ್ತರಿಸಿ ಎರಡ ಮಾಡಿದ್ರ ಇಬ್ಬರದೂ ಆತು.”

ಪ್ರಮೀಳಾ ಬಾಯಿ ತೆರೆದಳು. ಬೇಡ ಎಂದರೆ ಏಕೆ ಮಡಚಿದೆ ಎಂದು ಹೇಳಬೇಕು. ಹೇಳಿದರೆ ಅವತ್ತೇ ತರಗತಿ ಮುಗಿಯಿತು.

ಗಾಣಿಗೇರರು ಎದುರಿನ ಟೇಲರ್ ಅಂಗಡಿಯಿಂದ ದೊಡ್ಡ ಕತ್ತರಿ ತರಿಸಿದರು. “ಆ ತುದಿ ಜಗ್ಗಿ ಹಿಡೀರಿ ಅಕ್ಕಾರ” ಎಂದರು. ಅವಳು ಹಿಡಿದಳು. ಜೈಬುನ್ನಿಸಾ ಗಟ್ಟಿಯಾಗಿ ನೇಯ್ದಿದ್ದರಿಂದ ಕತ್ತರಿ ಸುಲಭಕ್ಕೆ ಹರಿಯಲಿಲ್ಲ. ಎಳೆ ಎಳೆಯಾಗಿ ಕಡಿಯಿತು. ನನಗೆ ನೋವಾಯಿತು. ಆದರೆ ನನ್ನ ತುದಿ ಹಿಡಿದಿದ್ದ ಆ ಎರಡು ಕೈಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಂದು ನವಿಲು ಮೇಲಿನ ಕೋಣೆಗೆ ಹೋಯಿತು. ಮತ್ತೆ ಅದನ್ನು ನಾನು ಕಾಣಲಿಲ್ಲ. ಮುಂದಿನ ವಾರ ದುರ್ಗವ್ವ ಸೂಜಿ ದಾರ ತಂದು, ಎಳೆ ಬಿಚ್ಚುತ್ತಿದ್ದ ನನ್ನ ಅಂಚನ್ನು ಮಡಚಿ ಹೊಲಿದಳು. ಮಡಚಿದ ಗುಟ್ಟು ಅವಳಿಗೆ ಗೊತ್ತಿತ್ತು.

ಅಲ್ಲಿಂದ ಮುಂದೆ ಮಡಚಲು ಏನು ಉಳಿದಿತ್ತು? ಹತ್ತು ಜನ ಏಳಾದರು, ಏಳು ನಾಲ್ಕಾದರು. ಪ್ರಮೀಳಾ ಬಸ್ ಸ್ಟಾಪಿನಲ್ಲಿ ನಿಂತ ಹೆಂಗಸರನ್ನು, “ಅರ್ಧಾ ತಾಸು ಸುಮ್ಮನ ಬಂದು ಕುಂಡರ್ರೆವಾ, ಏನೂ ಕಲೀಬ್ಯಾಡ್ರಿ” ಎಂದು ಅಂಗಲಾಚಿ ಕರೆದಳಂತೆ. ಯಾರು ಬರುತ್ತಾರೆ? ಒಂದು ಶನಿವಾರ ಅರ್ಧವಿದ್ದ ನನ್ನನ್ನು ಇನ್ನೊಮ್ಮೆ ಮಡಚಿ ನೋಡಿದಳು. ನಾನು ಬಾಗಿಲಲ್ಲಿ ಹಾಕುವ ಕಾಲೊರಸಿನಂತೆ ಕಂಡೆ. ಅವಳು ಅದರ ಮೇಲೇ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನನ್ನ ಮೇಲೆ ಎಷ್ಟೋ ಸಾವಿರ ಜನ ಕೂತಿದ್ದಾರೆ. ಅಷ್ಟು ದಿಕ್ಕೆಟ್ಟು ಕೂತವರನ್ನು ನಾನು ಕಾಣೆ. ಅವಳ ಬೆನ್ನ ಹಿಂದೆ ಬಾಗಿಲಲ್ಲಿ ಗಾಣಿಗೇರರು ನಿಂತಿದ್ದರು. ಎಲ್ಲ ತಿಳಿಯಿತು ಅವರಿಗೆ. “ಮುಂದಿನ ಶನಿವಾರ ಒಂದ ನಡಸ್ರಿ ಅಕ್ಕಾರ. ಆಮ್ಯಾಲ ಮಾತ್ರ ಕೈ ಮೀರಿದ್ದು” ಎಂದು ಮೆತ್ತಗೆ ಹೇಳಿ ಹೋದರು.

ನನ್ನ ಮುಪ್ಪಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಅದು ಚಿಕ್ಕದು. ಅಬಾಕಸ್‌ನವರು ಕುರ್ಚಿ ತಂದರು. ನನ್ನನ್ನು ಮೆಟ್ಟಿಲಡಿಯ ಗೂಡಿಗೆ ತಳ್ಳಿದರು. ಬಣ್ಣ ಬಳಿಯುವವರು ಬಂದಾಗ ನೆಲಕ್ಕೆ ಹಾಸುತ್ತಾರೆ. ಉಳಿದಿರುವ ನವಿಲಿನ ಕಣ್ಣಿನ ಮೇಲೆ ಸುಣ್ಣ ಬಿದ್ದಿದೆ. ಹೊಟ್ಟೆಯಲ್ಲಿ ನೋಟಬುಕ್ಕಿಲ್ಲ; ಅದಿದ್ದ ಜಾಗ ಈಗಲೂ ನನಗೆ ಗೊತ್ತು. ಆದರೆ ಕತ್ತಲಲ್ಲಿ ಮಲಗಿ ನಾನು ನೆನೆಯುವುದು ಕೊನೆಯ ಆ ಶನಿವಾರವನ್ನು.

ಅವತ್ತು ಬಂದವಳು ದುರ್ಗವ್ವ ಒಬ್ಬಳೇ. ಪ್ರಮೀಳಾ ಅವಳೆದುರು ಕೈಮುಗಿದಳು. “ನಾ ಮಾತು ಉಳಿಸ್ಕೊಳ್ಳಾಕ ಆಗಲಿಲ್ಲವಾ. ಇವತ್ತ ಒಂದ ದಿನಾ. ನಾನ ಓದಿ ಹೇಳಲೇನು?”

“ಬ್ಯಾಡ್ರಿ” ಎಂದಳು ದುರ್ಗವ್ವ. ನನ್ನ ಮಡಿಕೆಯಿಂದ ನೋಟಬುಕ್ಕು ತೆಗೆದು, ನನ್ನ ಮೇಲೆ ಬಿಡಿಸಿಟ್ಟು, ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಒಂದು ಅಕ್ಷರ, ಇನ್ನೊಂದು ಅಕ್ಷರ. ಬೆವರಿದಳು. ಹಿಂದಕ್ಕೆ ಹೋಗಿ ಮತ್ತೆ ಮೊದಲಿಂದ ಕೂಡಿಸಿದಳು. ಪ್ರಮೀಳಾ ತುಟಿ ಕಚ್ಚಿ ಕೂತಿದ್ದಳು, ಹೇಳಿಕೊಡಲಿಲ್ಲ. ಮೊದಲ ಸಾಲಿಗೇ ಅರ್ಧ ತಾಸು ಹಿಡಿಯಿತು. ಅದು ಶಾಲೆಯಲ್ಲಿ ಬರೆಸಿದ ಪ್ರಬಂಧ. “ನನ್ನ ತಾಯಿಯ ಹೆಸರು ದುರ್ಗವ್ವ.” ತನ್ನ ಹೆಸರು ಕಂಡು ಅವಳು ಪುಟಕ್ಕೆ ಹಣೆ ಹಚ್ಚಿದಳು. ಹೊರಗೆ ಮಕ್ಕಳು ಚಪ್ಪಲಿ ಬಿಡುವ ಸದ್ದು ಆಗಲೇ ಶುರುವಾಗಿತ್ತು. ಹೊಸ ತರಗತಿಗೆ ಹೆಸರು ಬರೆಸಲು ಬಂದವರು.

ಅವಳು ಅವಸರ ಮಾಡಲಿಲ್ಲ. ಎರಡನೆಯ ಸಾಲಿಗೆ ಬೆರಳಿಟ್ಟು ಒಂದೊಂದೇ ಅಕ್ಷರ ಜೋಡಿಸಿದಳು. ಕೊನೆಗೆ ತಡೆತಡೆದು ಪೂರ್ತಿ ಸಾಲು ಓದಿದಳು:

“ನನ್ನ ತಾಯಿಗೆ ಓದಲು ಬರುವುದಿಲ್ಲ.”

ದುರ್ಗವ್ವನ ಕಣ್ಣೀರು ತಟತಟನೆ ನನ್ನ ಮೇಲೆ ಬಿತ್ತು. ಅವಳು ಪ್ರಮೀಳಾಳ ಮುಖ ನೋಡಿ, ನಗುತ್ತಲೋ ಅಳುತ್ತಲೋ, ಹೇಳಿದಳು:

“ಸುಳ್ಳ ಬರದಾಳ ನೋಡ್ರಿ ಅಕ್ಕಾರ, ನನ್ನ ಮಗಳು.”