ತರಗುಬೆಂಕಿಯ ತಾರಸಿ

ನೆನೆಸಿದ ಅವರೆಕಾಳನ್ನು ಹಿತುಕಿ ಹಿತುಕಿ ಪದ್ಮಾಸಿನಿಯ ಹೆಬ್ಬೆರಳಿನ ಉಗುರು ಉರಿಯತೊಡಗಿತ್ತು. ಅರ್ಧ ಪಾತ್ರೆ ಮುಗಿದಿತ್ತು, ಇನ್ನರ್ಧ ಉಳಿದಿತ್ತು. ಪಕ್ಕದಲ್ಲಿ ಪುಸ್ತಕದ ಪ್ರೂಫ್ ಹಾಳೆಗಳು. ಕಿಟಕಿಯ ಗಾಳಿಗೆ ಹಾರದಿರಲೆಂದು ಮೇಲೆ ಲಟ್ಟಣಿಗೆ ಇಟ್ಟಿದ್ದಳು. ಒಂದಷ್ಟು ಕಾಳು ಹಿತುಕುವುದು, ಸೆರಗಿಗೆ ಕೈ ಒರೆಸಿಕೊಂಡು ಒಂದು ಪುಟ ಓದುವುದು, ತಪ್ಪಿದ್ದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುವುದು, ಮತ್ತೆ ಕಾಳಿಗೆ ಕೈ ಹಾಕುವುದು. ಅವಳ ಭಾನುವಾರ ಹೀಗೆ ಕಳೆಯುತ್ತಿತ್ತು. ವಾರದ ಉಳಿದ ದಿನಗಳಲ್ಲಿ ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ. "ಮನೇಲೇ ಕನ್ನಡ ಟೀಚರ್ ಇರುವಾಗ ಪ್ರೂಫ್ ಬೇರೆಯವರಿಗೆ ಯಾಕೆ ಕೊಡ್ಲಿ?" ಎಂದು ಗಂಡ ಬದರೀನಾರಾಯಣ ಹಾಳೆಗಳನ್ನು ಅವಳ ಮುಂದೆ ಇಟ್ಟು ಹೋಗಿದ್ದ. ಅವಳು ಆಗಲಿ ಎಂದೂ ಹೇಳಿರಲಿಲ್ಲ, ಆಗದು ಎಂದೂ ಹೇಳಿರಲಿಲ್ಲ.

ಪುಸ್ತಕ ಅವನ ತಂಡದ ಚರಿತ್ರೆ. ತಂಡದ ಹೆಸರು ತರಗುಬೆಂಕಿ. ಅವರ ಮದುವೆಗೆ ಒಂದು ವರ್ಷ ಮೊದಲು ಕಾಲೇಜಿನ ಗೆಳೆಯರಾದ ಬದರಿ ಮತ್ತು ಗೌರೀಶ್ ಅದನ್ನು ಕಟ್ಟಿದ್ದರು. ಬದರಿಯದು ಗಿಟಾರ್, ಗೌರೀಶನದು ಮ್ಯಾಂಡೋಲಿನ್. ಕಾರ್ಮಿಕರ ಮೆರವಣಿಗೆಯೊಂದರಲ್ಲಿ ತಮಟೆ ಬಾರಿಸುತ್ತಿದ್ದ ದೇವಯ್ಯನನ್ನು ಕಂಡು ಅವನನ್ನೂ ಕರೆತಂದಿದ್ದರು. ತಮಟೆಯ ಚರ್ಮ ಬಿಗಿಯಾಗಲೆಂದು ಅವನು ಒಣಗಿದ ತರಗೆಲೆ ಗುಡ್ಡೆಹಾಕಿ ಬೆಂಕಿ ಹಚ್ಚಿ ಅದನ್ನು ಕಾಯಿಸುತ್ತಿದ್ದ. ತಂಡಕ್ಕೆ ಹೆಸರು ಬಂದದ್ದು ಹಾಗೆ. ಕೆರೆ ನುಂಗಿದವರು, ಗಾರ್ಮೆಂಟ್ಸ್ ಹೆಂಗಸರ ಕೂಲಿ ಹಿಡಿದುಕೊಂಡವರು, ಜಾತಿ ನೋಡಿ ಮನೆ ಬಾಡಿಗೆಗೆ ಕೊಡುವವರು, ಯಾರನ್ನೂ ಬಿಡದೆ ಬೈಯುವ ಹಾಡುಗಳು. ಇಂಗ್ಲಿಷ್ ಪತ್ರಿಕೆಯೊಂದು ಜನಪದ ವಾದ್ಯದ ಈ ಸಿಟ್ಟಿನ ಹಾಡುಗಾರಿಕೆಯನ್ನು 'ಫೋಕ್ ಪಂಕ್' ಎಂದು ಕರೆದಾಗ ದೇವಯ್ಯ ನಕ್ಕಿದ್ದ: "ಗುರು, ಪಂಕ್ಚರ್ ಹಾಕೋ ಕೆಲಸಕ್ಕೂ ನಮಗೂ ಏನೋ ಸಂಬಂಧ ಕಲ್ಪಿಸವ್ರೆ." ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಮಾರಿದ್ದರು. ಗುಡಿಸಲು ತೆರವಿನ ವಿರುದ್ಧ ಹಾಡಿದ ದಿನ ಲಾಠಿ ಏಟಿಗೆ ಬದರಿಯ ಮಣಿಕಟ್ಟು ಮುರಿದಿತ್ತು. ಮೂರು ತಿಂಗಳು ಅವಳೇ ಅವನಿಗೆ ಅಂಗಿ ತೊಡಿಸಿದ್ದಳು.

ನಲವತ್ತೊಂದನೆಯ ಪುಟಕ್ಕೆ ಬಂದಾಗ ಅವಳ ಕೈ ನಿಂತಿತು. ಅಧ್ಯಾಯದ ಹೆಸರು 'ತಾರಸಿಯ ದಿನಗಳು'.

'ನಾವು ಬೇಕೆಂದೇ ತಾರಸಿಯನ್ನು ಆರಿಸಿಕೊಂಡೆವು. ನಮ್ಮ ಹಾಡನ್ನು ನಾಲ್ಕು ಗೋಡೆಗಳು ಹಿಡಿದಿಡಲಾರವು ಎಂಬುದು ನಮಗೆ ಗೊತ್ತಿತ್ತು. ಆಕಾಶಕ್ಕೆ ಜಾತಿ ಇಲ್ಲ.'

ಪುಟದ ಅಂಚಿನಲ್ಲಿ, ಪುಸ್ತಕದ ಕೆಲಸ ನೋಡಿಕೊಳ್ಳುತ್ತಿದ್ದ ತನ್ಮಯಿ ಎಂಬ ಹುಡುಗಿ ಪುಟ್ಟ ಚೀಟಿ ಅಂಟಿಸಿದ್ದಳು. 'ಮೇಡಂ, ಈ ಅಧ್ಯಾಯದ ಬಗ್ಗೆ ದೇವಯ್ಯ ಅವರನ್ನು ಎರಡು ಸಲ ಕೇಳಿದೆ. "ಮೇಡಮ್ಮನ್ನ ಕೇಳಿ, ಅವರಿಗೆ ಗೊತ್ತು" ಎಂದಷ್ಟೇ ಹೇಳಿದರು. ನಿಮ್ಮ ನೆನಪಿನ ಒಂದು ಪುಟವೂ ಬಾಕಿ ಇದೆ. ಮಂಗಳವಾರ ಪ್ರೆಸ್ಸಿಗೆ ಹೋಗಬೇಕು.'

ಅವಳಿಗೆ ಗೊತ್ತಿತ್ತು. ಅವಳು ಮದುವೆಯಾಗಿ ಎನ್.ಆರ್. ಕಾಲೋನಿಯ ಈ ಮನೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ತಮಟೆ ಹಿಡಿದು ಬಾಗಿಲಿಗೆ ಬಂದ ದೇವಯ್ಯನನ್ನು ನೋಡಿ ಅತ್ತೆ ಆಂಡಾಳಮ್ಮ, "ಚರ್ಮ ಒಳಗೆ ಬೇಡ" ಎಂದಿದ್ದರು. ಅದೇ ಹಜಾರದಲ್ಲಿ ತೀರಿಹೋದ ಮಾವನವರ ಮೃದಂಗ ರೇಷ್ಮೆ ಗವಸು ತೊಟ್ಟು ಕುಳಿತಿತ್ತು. ಯಾರೂ ಅದರ ಕಡೆ ನೋಡಲಿಲ್ಲ. ಬದರಿ ಒಂದು ಕ್ಷಣ ನಿಂತು, "ಮೇಲೆ ಹೋಗೋಣ, ಅಲ್ಲೇ ಚೆನ್ನಾಗಿರುತ್ತೆ" ಎಂದ. ಬದರಿ, ಗೌರೀಶ್ ಮನೆಯೊಳಗಿನ ಮೆಟ್ಟಿಲು ಹತ್ತಿದರು. ತಮಟೆ ಹಿಂದಿನ ಓಣಿಯಿಂದ, ಹಿಂದಿನ ಕಾಲದಲ್ಲಿ ಕಕ್ಕಸು ತೊಳೆಯುವವರಿಗೆಂದು ಇಟ್ಟಿದ್ದ ಕಬ್ಬಿಣದ ಸುರುಳಿ ಮೆಟ್ಟಿಲ ಮೇಲೆ ಹೋಯಿತು. ತಮಟೆಯ ಜೊತೆ ದೇವಯ್ಯನೂ ಹೋದ. ಆರು ವರ್ಷ ಹಾಗೇ ಹೋದ.

ತಾರಸಿಗೆ ಕಾಫಿ ಒಯ್ಯುತ್ತಿದ್ದವಳು ಪದ್ಮಾಸಿನಿ. ಎರಡು ಲೋಟ ಮನೆಯವು. ಮೂರನೆಯದು ಅಂಚು ನೆಗ್ಗಿದ್ದು, ನೀರಿನ ತೊಟ್ಟಿಯ ಕಟ್ಟೆಯ ಮೇಲೆಯೇ ಇರುತ್ತಿತ್ತು. ದೇವಯ್ಯ ಕುಡಿದ ಮೇಲೆ ತಾನೇ ತೊಳೆದು ಬೋರಲು ಹಾಕುತ್ತಿದ್ದ. ಅತ್ತೆಗೆ ಇಷ್ಟವಾಗದು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಬದರಿ ಒಳಗೆ ಬಂದು ಹಿತುಕಿದ ಬೇಳೆಯ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಐವತ್ತನಾಲ್ಕರ ಅವನಿಗೆ ಈಗ ಬಿಪಿ ಮಾತ್ರೆ, ಸಂಜೆ ನಾಲ್ಕು ಮಕ್ಕಳಿಗೆ ಗಿಟಾರ್ ಪಾಠ.

"ಎಲ್ಲಿಗೆ ಬಂತು?"

"ತಾರಸಿಗೆ," ಎಂದಳು. "ರೀ, ಇದನ್ನ ಹೀಗೇ ಬಿಡ್ತೀರಾ?"

"ಯಾಕೆ, ತಪ್ಪಿದೆಯಾ?"

"ಬೇಕೆಂದೇ ಆರಿಸಿಕೊಂಡೆವು ಅಂತ ಬರೆದಿದೀರಿ."

ಅವನು ಕಾಳು ಅಗಿಯುವುದನ್ನು ನಿಲ್ಲಿಸಿದ. ಅತ್ತೆಯ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. "ಅಮ್ಮನಿಗೆ ಎಂಬತ್ನಾಲ್ಕು ಪದ್ಮಾ. ಈಗ ಅವರ ಹೆಸರು ಪುಸ್ತಕದಲ್ಲಿ ಎಳೀಬೇಕಾ?"

"ಅವರ ಹೆಸರು ಅಂತ ನಾನೆಲ್ಲಿ ಹೇಳ್ದೆ?"

"ಮತ್ತೆ ಏನು ಬರೀಲಿ? ಜಾತಿ ವಿರುದ್ಧ ಹಾಡಿದೋರು ತಮಟೆಯೋನನ್ನ ಹಿಂದಿನ ಓಣೀಲಿ ಕರ್ಕೊಂಡು ಬಂದ್ರು ಅಂತಾನಾ? ನಾಳೆ ಇದನ್ನ ಹಿಡ್ಕೊಂಡು ಕುಣಿಯೋರು ಯಾರು ಗೊತ್ತಾ? ನಾವು ಯಾರನ್ನ ಬೈದ್ವೋ ಅವರೇ. 'ನೋಡಿ, ಇವರ ಹೋರಾಟ ಎಲ್ಲ ಬೂಟಾಟಿಕೆ' ಅಂತಾರೆ." ಅವನು ತನ್ನ ಮಣಿಕಟ್ಟನ್ನು ಮುಂದೆ ಚಾಚಿದ. ಮೂಳೆ ಕೂಡಿದಲ್ಲಿ ಸಣ್ಣ ಉಬ್ಬು. "ಇದು ಸುಳ್ಳಾ? ಗಾರ್ಮೆಂಟ್ಸ್ ಗೇಟಿನ ಮುಂದೆ ಆ ಹೆಂಗಸರು ನಮ್ಮ ಜೊತೆ ಹಾಡಿದ್ದು ಸುಳ್ಳಾ?"

"ಸುಳ್ಳು ಅಂತ ಯಾರು ಹೇಳಿದ್ರು?"

"ಹಾಗಿದ್ರೆ ಸುಮ್ನೆ ಕಾಗುಣಿತ ನೋಡು. ನಂಗೂ ಸಾಕಾಗಿದೆ." ಅವನು ಎದ್ದು ಹೋದ. ಅವನ ನಡಿಗೆಯಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಾಗಿತ್ತು. ಅವನ ಮಾತಿನಲ್ಲಿ ನಿಜವಿದೆ ಎಂಬುದೂ ಅವಳಿಗೆ ಗೊತ್ತಿತ್ತು; ಕಷ್ಟವಾದದ್ದು ಅದೇ.

ಸಂಜೆ ಅತ್ತೆಗೆ ಗಂಜಿ ಕೊಡಲು ಹೋದಾಗ ಆಂಡಾಳಮ್ಮ ಗೋಡೆಗೆ ಒರಗಿ ಕುಳಿತಿದ್ದರು.

"ನನ್ನ ಕಿವಿ ಇನ್ನೂ ಹೋಗಿಲ್ಲ ಕಣೇ," ಎಂದರು. "ನನ್ನ ಹೆಸರು ಹಾಕೋಕೆ ಅವನಿಗೆ ಭಯವಂತಾ? ಹಾಕ್ಲಿ. ಚರ್ಮ ಬೇಡ ಅಂದೆ, ಹೌದು, ಅಂದೆ. ನಮ್ಮಮ್ಮ ಹೇಳ್ತಿದ್ಲು, ನಾನು ಹೇಳ್ದೆ. ಸರಿಯಾ ತಪ್ಪಾ ಅಂತ ಕೇಳೋರು ಇರ್ಲಿಲ್ಲ."

"ಕೇಳಿದ್ರೆ?"

"ಕೇಳಿದ್ರೆ ಏನು ಮಾಡ್ತಿದ್ದೆ? ಎರಡು ದಿನ ಊಟ ಬಿಡ್ತಿದ್ದೆ. ಮೂರನೇ ದಿನ ಹಸಿವಾಗ್ತಿತ್ತು." ಗಂಜಿ ಗುಟುಕರಿಸಿ ಮುಖ ಕಿವುಚಿದರು. "ಉಪ್ಪೇ ಇಲ್ಲ ಇದಕ್ಕೆ. ಬೀದೀಲಿ ನಿಂತು ಮಂತ್ರಿಗಳಿಗೆಲ್ಲ ಬೈಯೋ ಶೂರ, ನನ್ನ ಮುಂದೆ ತುಟಿ ಬಿಚ್ಚಲಿಲ್ಲ. ಮೇಲೆ ಚೆನ್ನಾಗಿರುತ್ತೆ ಅಂದ. ನಾನೂ ಸರಿ ಅಂತ ಸುಮ್ಮನಾದೆ."

ಪದ್ಮಾಸಿನಿ ಟವೆಲ್ಲಿನಿಂದ ಅವರ ಗಲ್ಲ ಒರೆಸಿದಳು.

"ಆದ್ರೆ ಆ ಲೋಟ ಮಾತ್ರ ನನ್ನ ತಲೆಗೆ ಕಟ್ಟಬೇಡ," ಎಂದರು ಆಂಡಾಳಮ್ಮ. "ಅಡುಗೆಮನೆ ಆಗ್ಲೇ ನಿನ್ನ ಕೈಲಿತ್ತು. ಲೋಟದ ಮಾತು ನಾನು ಒಂದು ದಿನ ಎತ್ತಿದೀನಾ ಹೇಳು."

ಇಲ್ಲ, ಎತ್ತಿರಲಿಲ್ಲ. ಅವಳು ಖಾಲಿ ಬಟ್ಟಲು ಹಿಡಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಇಷ್ಟು ವರ್ಷ ಆ ಲೋಟವನ್ನು ನೆನೆದಾಗಲೆಲ್ಲ ಅದರ ಹಿಂದೆ ಅತ್ತೆಯ ಮುಖವನ್ನು ನಿಲ್ಲಿಸಿಕೊಂಡಿದ್ದಳು. ಈಗ ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ದೇವಯ್ಯನ ಮನೆ ಹುಡುಕಿಕೊಂಡು ಹೋದಳು. ಶಾಲೆಯಿಂದ ಹದಿನೈದು ನಿಮಿಷದ ನಡಿಗೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ದೇವಯ್ಯ ಈಗ ಸರ್ಕಾರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್, ನಿವೃತ್ತಿಗೆ ಐದಾರು ವರ್ಷ ಬಾಕಿ. ಹಜಾರದ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಕೆಳಗೆ ಮಗಳ ಪದವಿ ಫೋಟೊ. ಅವನ ಹೆಂಡತಿ ನಾರಾಯಣಮ್ಮ ಸೋಫಾದ ಮೇಲಿದ್ದ ಬಟ್ಟೆಗಳನ್ನು ಎತ್ತಿ ಜಾಗ ಮಾಡಿಕೊಟ್ಟಳು.

"ಕುತ್ಕೊಳ್ಳಿ ಮೇಡಂ. ಪುಸ್ತಕ ಬರ್ತದಂತಲ್ಲ, ಆ ಹುಡುಗಿ ಹೇಳ್ತು. ಇವರ ಹಾಡಿಗೆ ಸರ್ಕಾರ ಬೀಳುತ್ತೆ ಅಂತ ಕಾಯ್ಕೊಂಡು ಕೂತಿದ್ದೆ. ನಮ್ಮ ಮನೆ ಶೀಟು ಬಿತ್ತು, ಅಷ್ಟೇ."

"ನೀನು ಟೀ ತಗೊಂಡು ಬಾ ಹೋಗು," ಎಂದು ದೇವಯ್ಯ ನಕ್ಕ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

ಟೀ ಬಂತು. ಒಂದೇ ಬಗೆಯ ಮೂರು ಕಪ್ಪುಗಳು. ಪದ್ಮಾಸಿನಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಯಾವುವೂ ಕೆಲಸಕ್ಕೆ ಬರಲಿಲ್ಲ.

"ದೇವಯ್ಯನವರೇ, ಆ ಲೋಟ... ಅತ್ತೆ ಹೇಳಿದ್ದಲ್ಲ ಅದು. ನಾನೇ ಇಟ್ಟಿದ್ದು."

"ಗೊತ್ತು ಮೇಡಂ."

"ಗೊತ್ತಿತ್ತಾ?"

"ಅಮ್ಮಾವ್ರಾಗಿದ್ರೆ ಮುಖಕ್ಕೇ ಹೇಳಿಬಿಡ್ತಿದ್ರು. ನೀವು ಕಾಫಿ ಕೊಡ್ವಾಗ ನನ್ನ ಮುಖ ನೋಡ್ತಿರ್ಲಿಲ್ಲ." ಅವನ ದನಿಯಲ್ಲಿ ಆರೋಪವಿರಲಿಲ್ಲ, ಕೆಟ್ಟ ಎಂಜಿನ್ನಿನ ಯಾವುದೋ ಭಾಗದ ಬಗ್ಗೆ ಹೇಳಿದ ಹಾಗಿತ್ತು. "ಹಿಂದಿನ ಓಣಿ, ಬೇರೆ ಲೋಟ, ನಂಗೇನು ಹೊಸದಾ? ಅದಕ್ಕೆಲ್ಲ ನಾನು ತಂಡ ಬಿಡ್ಲಿಲ್ಲ. ಬದರಿ ಒಂದು ಹಾಡು ಬರ್ದ ನೋಡಿ. 'ತಾರಸಿ ನಮ್ಮ ಊರು, ಆಕಾಶ ನಮ್ಮ ಸೂರು.' ಬಾ ದೇವಾ, ಇದಕ್ಕೆ ಜೋರಾಗಿ ಹೊಡಿ ಅಂದ. ಅಲ್ಲಿಗೆ ಯಾಕೆ ಹತ್ತಿದ್ವಿ ಅಂತ ಮೂವರಿಗೂ ಗೊತ್ತು. ಗೊತ್ತಿದ್ದೂ ನಾನೇ ಅದಕ್ಕೆ ತಮಟೆ ಹೊಡೀಬೇಕು. ಕೈ ಏಳಲಿಲ್ಲ ಮೇಡಂ. ನೋವು ಅಂತ ಸುಳ್ಳು ಹೇಳಿ ಬಂದೋನು ಮತ್ತೆ ಹೋಗ್ಲಿಲ್ಲ."

"ಸರ್ಕಾರಿ ಕೆಲಸ ಸಿಕ್ತು, ಅದಕ್ಕೆ ಬಿಟ್ರು ಅಂತ ಪುಸ್ತಕದಲ್ಲಿದೆ."

"ಕೆಲಸ ಸಿಕ್ಕಿದ್ದು ಒಂದೂವರೆ ವರ್ಷ ಆದ್ಮೇಲೆ," ಎಂದಳು ನಾರಾಯಣಮ್ಮ. "ಅಲ್ಲೀವರ್ಗೂ ನಾನು ಹೂ ಕಟ್ಟಿ ಮನೆ ನಡೆಸಿದ್ದು. ಅದನ್ನೂ ಬರ್ಕೊಳ್ಳಿ."

"ಆ ಹುಡುಗಿಗೆ ಇದನ್ನೆಲ್ಲ ನೀವೇ ಯಾಕೆ ಹೇಳಬಾರದು?" ಎಂದು ಪದ್ಮಾಸಿನಿ ದೇವಯ್ಯನನ್ನು ಕೇಳಿದಳು.

"ನಾನು ಹೇಳಿದ್ರೆ ದೂರು ಆಗುತ್ತೆ. ಬದರಿ ಮೇಲೆ ನಂಗೆ ದೂರಿಲ್ಲ. ಅವತ್ತು ಲಾಠಿ ಬಿದ್ದಾಗ ನನ್ನ ಮುಂದೆ ಕೈ ಅಡ್ಡ ಇಟ್ಟೋನು ಅವನೇ. ನನ್ನ ತಲೆಗೆ ಬೀಳೋ ಏಟು ಅದು." ಅವನು ಅವಳ ಕಪ್ಪಿನ ಕಡೆ ನೋಡಿದ. "ಟೀ ಆರ್ತಾ ಇದೆ, ಕುಡೀರಿ."

ಆ ಏಟು ಯಾರ ತಲೆಗೆ ಬೀಳಬೇಕಿತ್ತು ಎಂಬುದನ್ನು ಬದರಿ ಅವಳಿಗೆ ಎಂದೂ ಹೇಳಿರಲಿಲ್ಲ. ಪುಸ್ತಕದಲ್ಲೂ ಬರೆದಿರಲಿಲ್ಲ. ಮನೆಗೆ ನಡೆಯುತ್ತ ಅವಳು ಅದನ್ನೇ ಯೋಚಿಸಿದಳು. ಒಬ್ಬ ಗೆಳೆಯನಿಗಾಗಿ ಮೂಳೆ ಮುರಿದುಕೊಂಡವನು, ಅದೇ ಗೆಳೆಯನಿಗಾಗಿ ತಾಯಿಯ ಮುಂದೆ ಒಂದು ಮಾತು ಆಡಲಾರದೆ ಹೋಗಿದ್ದ. ಅವನ ಪುಟವನ್ನು ತಾನು ತಿದ್ದುವುದು ಬೇಡ ಎನ್ನಿಸಿತು. ಅದು ಅವನದು. ಯಾವತ್ತಾದರೂ ಅವನೇ ತಿದ್ದಬೇಕು. ಅವಳಿಗೆ ಕೊಟ್ಟಿರುವುದು ಅವಳದೇ ಒಂದು ಪುಟ.

ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆದಳು. ಮೊದಲ ವಾಕ್ಯ ಬರಲು ಹೊತ್ತು ಹಿಡಿಯಿತು. 'ಚರ್ಮ ಒಳಗೆ ಬರಬಾರದು ಎಂಬ ಕಾರಣಕ್ಕೆ ತರಗುಬೆಂಕಿ ನಮ್ಮ ತಾರಸಿಗೆ ಹೋಯಿತು. ದೇವಯ್ಯನವರಿಗೆ ನಾನು ಆರು ವರ್ಷ ಬೇರೆ ಲೋಟದಲ್ಲಿ ಕಾಫಿ ಕೊಟ್ಟೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.' ಆಮೇಲಿನದು ತಾನಾಗಿ ಬಂತು. ಎಲ್ಲೂ ಅತ್ತೆಯ ಹೆಸರಿಲ್ಲ, ಗಂಡನ ಹೆಸರೂ ಇಲ್ಲ. ಕೆಲಸ ಸಿಕ್ಕ ವರ್ಷವನ್ನು, ನಾರಾಯಣಮ್ಮ ಹೂ ಕಟ್ಟಿದ್ದನ್ನು ಸೇರಿಸಿದಳು. ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ಮದುವೆಯಾದಂದಿನಿಂದ ಅವಳು ಬರೆದದ್ದೆಲ್ಲ, ಶಾಲೆಯ ವಾರ್ಷಿಕ ವರದಿಯೂ ಸೇರಿ, ಬದರಿಯ ಕಣ್ಣಿಗೆ ಬಿದ್ದೇ ಹೊರಗೆ ಹೋಗುತ್ತಿತ್ತು. ಅವನು ಕೇಳಿದ್ದೂ ಇಲ್ಲ, ಅವಳು ಯೋಚಿಸಿದ್ದೂ ಇಲ್ಲ. ಮನೆಯಲ್ಲಿ ಅದು ಹಾಗೇ ನಡೆದುಬಂದಿತ್ತು.

ಪಾಠ ಮುಗಿಸಿ ಮಕ್ಕಳನ್ನು ಕಳಿಸಿ ಅವನು ಬಾಗಿಲಲ್ಲಿ ನಿಂತ. "ನಿನ್ನ ಪುಟ ಆಯ್ತಾ? ತನ್ಮಯಿ ಫೋನ್ ಮಾಡಿದ್ಲು."

"ಆಯ್ತು."

"ಕೊಡು, ಒಂದ್ಸಲ ನೋಡ್ತೀನಿ."

"ಬೇಡ ಬಿಡಿ, ನಾನೇ ನೋಡಿದೀನಿ. ಬೆಳಿಗ್ಗೆ ಶಾಲೆಗೆ ಹೋಗ್ವಾಗ ಶಂಕರಪುರಂನಲ್ಲಿ ಇಳಿದು ಪ್ರೆಸ್ಸಿಗೇ ಕೊಡ್ತೀನಿ."

ಅವನು ಅವಳನ್ನು ಒಂದು ಗಳಿಗೆ ನೋಡಿದ. "ಸರಿ," ಎಂದು ಮಣಿಕಟ್ಟು ನೀವಿಕೊಳ್ಳುತ್ತ ಹಜಾರಕ್ಕೆ ಹೋದ. ಪದ್ಮಾಸಿನಿ ಹಾಳೆಯನ್ನು ನಾಲ್ಕಾಗಿ ಮಡಿಸಿ, ಶಾಲೆಯ ಚೀಲದಲ್ಲಿ ಹಾಜರಿ ಪುಸ್ತಕದ ಕೆಳಗೆ ಇಟ್ಟಳು. ಜಿಪ್ ಎಳೆದಳು. ಆಮೇಲೆ ಕುಕ್ಕರ್ ಒಲೆಯ ಮೇಲಿಟ್ಟು ಸೀಟಿಗಾಗಿ ಕಾಯುತ್ತ ನಿಂತಳು.