ಮೂರು ದಿನದ ಕಾರ್ಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷದಿಂದ ಊರವರ ರಕ್ತ, ಮೂತ್ರ, ಕಫ, ಮಲ ನೋಡುತ್ತಾ ಕೂತವಳಿಂದ ಸಕ್ಕರೆಯಂಥ ಮಾತು ಎಲ್ಲಿಂದ ಬರಬೇಕು? ಆದರೆ ನಾನು ಹೆದರುವ ಪೈಕಿ ಅಲ್ಲ. ಈ ಕೆಲಸದಲ್ಲಿ ಹೆದರಿದ್ದು ಒಂದೇ ಸಲ, ಅಪ್ಪನ ಕಾರ್ಡಿನ ಮೇಲೆ ನೀಲಿ ಕಂಡ ದಿನ.

ಕಣ್ಣಿಗೆ ಕಾಣದಷ್ಟು ರಕ್ತವೇನಾದರೂ ಮಲದಲ್ಲಿ ಹೋಗುತ್ತಿದೆಯೇ ಎಂದು ನೋಡುವ ಕಾರ್ಡು ಅದು. ಅಂಗೈಯಷ್ಟು ಅಗಲ, ಅದರಲ್ಲಿ ಮೂರು ಪುಟ್ಟ ಕಿಟಕಿ. ದಿನಕ್ಕೊಂದು ಕಿಟಕಿಯಂತೆ ಮೂರು ದಿನ, ಕಡ್ಡಿಯಲ್ಲಿ ಒಂದಿಷ್ಟು ಸವರಿ ಮುಚ್ಚಿ ತಂದುಕೊಡಬೇಕು. ನಾವು ಹಿಂಬದಿಯಲ್ಲಿ ಎರಡೆರಡು ಹನಿ ದ್ರಾವಣ ಬಿಡುತ್ತೇವೆ. ಒಂದು ನಿಮಿಷದೊಳಗೆ ನೀಲಿಯಾದರೆ ರಕ್ತ ಇದೆ ಎಂದರ್ಥ. ನಮ್ಮ ದೊಡ್ಡಪ್ಪ ಕರುಳಿನ ಕ್ಯಾನ್ಸರಿನಲ್ಲಿ ಹೋದವರು. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಹಾಗಾಗಿ ಅಪ್ಪನಿಗೆ ಅರವತ್ತೈದು ತುಂಬಿದ್ದೇ ತಡ, ಒಂದು ಕಾರ್ಡು ಒಯ್ದು ಅವರ ಕೈಗಿಟ್ಟೆ.

ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅದನ್ನು ತುದಿಬೆರಳಲ್ಲಿ ಹಿಡಿದು ನೋಡಿದರು.

"ಇದನ್ನ ಯಾರು ನೋಡ್ತಾರೆ?"

"ನಾನೇ."

"ಥೂ! ಮಗಳ ಕೈಗೆ ಇದನ್ನ ಕೊಡೋ ಹಣೆಬರಹ ಬಂತಲ್ಲಪ್ಪಾ ನಂಗೆ!"

"ಚಿಕ್ಕವಳಿದ್ದಾಗ ನಂದು ನೀವು ತೊಳೀಲಿಲ್ವಾ?"

"ತೊಳೆದಿದ್ದು ನಿಮ್ಮಮ್ಮ."

"ಸದ್ಯ, ಒಂದಾದ್ರೂ ನಿಜ ಹೇಳಿದ್ರಲ್ಲ," ಎಂದಳು ಅಮ್ಮ ಒಳಗಿನಿಂದ.

ನನಗೆ ರೇಗಿತು. ದೊಡ್ಡಪ್ಪನ ಹೆಸರೆತ್ತಿ ಕೂಗಾಡಿದೆ. ಅಪ್ಪ ಮುಖ ಗಂಟಿಕ್ಕಿಕೊಂಡು, ಆಗಲಿ ಎಂದರು. ಹೊರಡುವಾಗ ಅಮ್ಮನನ್ನು ಬಾಗಿಲ ಹತ್ತಿರ ನಿಲ್ಲಿಸಿ ಬೆರಳು ತೋರಿಸಿ ಹೇಳಿದೆ: "ನೋವಿನ ಮಾತ್ರೆ ಕೊಡ್ಬೇಡ, ಮಾಂಸ ಬೇಡ. ಮೂರು ಕಿಟಕಿನೂ ತುಂಬಿರ್ಬೇಕು. ಒಂದು ಖಾಲಿ ಇದ್ರೂ ಕಾರ್ಡು ಕಸದಬುಟ್ಟಿಗೆ, ಮತ್ತೆ ಮೊದಲಿಂದ ಶುರು. ಹುಷಾರು!"

ನಾಲ್ಕನೇ ದಿನ ಕಾರ್ಡು ಬಂತು. ಹನಿ ಬಿಟ್ಟೆ, ಗಡಿಯಾರ ನೋಡಿದೆ. ಮೊದಲ ಕಿಟಕಿ ಹಾಗೇ ಇತ್ತು. ಎರಡನೆಯದರ ಅಂಚಿನಲ್ಲಿ ನೀಲಿ ಹರಡಿತು. ಮೂರನೆಯದಂತೂ ಅರ್ಧ ನಿಮಿಷಕ್ಕೇ ಕಡುನೀಲಿ. ಕಾರ್ಡು ಕೆಟ್ಟಿಲ್ಲವೆಂದು ತೋರಿಸಲು ಅದರಲ್ಲೇ ಇರುವ ಗುರುತು ನೋಡಿದೆ, ಬಾಟಲಿಯ ತಾರೀಕು ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು.

ನಮ್ಮಲ್ಲೊಬ್ಬರು ಹಿರಿಯ ಟೆಕ್ನಿಷಿಯನ್ ಇದ್ದಾರೆ. ಕೇಳದಿದ್ದರೂ ಪಾಠ ಮಾಡುವುದರಿಂದ ಅವರಿಗೆ ಮೇಷ್ಟ್ರು ಎಂದೇ ಹೆಸರು. ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಒಂದರಲ್ಲಿಲ್ಲ, ಎರಡರಲ್ಲಿದೆ. ಅದಕ್ಕೇ ಕಣಮ್ಮ ಮೂರು ದಿನ ಕೇಳೋದು. ಒಳಗಿನ ಗಾಯ ದಿನಾ ಸೋರಲ್ಲ."

"ನಂಗೊತ್ತು ರೀ. ಪಾಠ ಬೇಡ."

"ಯಾರದು?"

"ನಮ್ಮಪ್ಪಂದು," ಎಂದೆ.

ಕ್ಯಾಮೆರಾ ಹಾಕಿ ಕರುಳು ನೋಡಲು ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನದ ನಂತರದ ತಾರೀಕು ಸಿಕ್ಕಿತು. ಆ ಒಂಬತ್ತು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಬ್ಬರ ಸಕ್ಕರೆಯನ್ನು ಇನ್ನೊಬ್ಬರ ಹಾಳೆಯಲ್ಲಿ ಬರೆಯುವುದರಲ್ಲಿದ್ದೆ, ಮೇಷ್ಟ್ರು ಹಿಡಿದರು. ತೊಳೆದ ಕೈಯನ್ನೇ ಮತ್ತೆ ತೊಳೆದೆ. ದಿನಕ್ಕೆ ಐದು ಸಲ ಅಮ್ಮನಿಗೆ ಫೋನು. ಅಪ್ಪ ಊಟ ಮಾಡಿದ್ರಾ? ತೂಕ ಇಳಿದಿದ್ಯಾ? ಹೊಟ್ಟೆ ನೋವು ಅಂತಾರಾ? ಫೋನು ಎತ್ತಿದರೆ ಇಡಲು ಬಿಡದ ಅಮ್ಮ, ಈಗ ಹೂಂ, ಉಹೂಂ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಗಂಡನ ಚಿಂತೆ, ಪಾಪ, ಅಂದುಕೊಂಡೆ.

ಆ ದಿನ ಅಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಓಣಿಯುದ್ದಕ್ಕೂ ಅಡ್ಡಾಡಿದೆ. ಅಮ್ಮ ಬೆಂಚಿನ ತುದಿಯಲ್ಲಿ ಚೀಲದ ಹಿಡಿಯನ್ನು ತಿರುಚುತ್ತಾ ಕೂತಿದ್ದಳು. "ಸ್ವಲ್ಪ ಕೂತ್ಕೊಳ್ಳೇ, ನಿನ್ನ ನೋಡಿದ್ರೇ ತಲೆ ಸುತ್ತುತ್ತೆ," ಎಂದಳು. ನಾನು ಕೂರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು.

"ಕರುಳು ಶುಭ್ರವಾಗಿದೆ. ಗಂಟಿಲ್ಲ, ಹುಣ್ಣಿಲ್ಲ. ಆರಾಮಾಗಿರಿ."

"ಮತ್ತೆ ಕಾರ್ಡಿನಲ್ಲಿ ಬಂದಿದ್ದು, ಸಾರ್?"

"ಕೆಲವು ಸಲ ಹಾಗಾಗುತ್ತೆ. ತಿಂದಿದ್ದರಿಂದ, ಮಾತ್ರೆಯಿಂದ. ನಿಮಗೆ ನಾನು ಹೇಳ್ಬೇಕಾ?"

ಹೋದ ಜೀವ ಬಂದಂತಾಯಿತು. ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಮಧ್ಯಾಹ್ನ ಅಪ್ಪನನ್ನು ಕಳಿಸಿಕೊಟ್ಟರು. ಗೇಟಿನ ಪಕ್ಕದ ಚಹಾ ಅಂಗಡಿಯಲ್ಲಿ ಮೂವರೂ ಕೂತೆವು. ಅಪ್ಪ ಬ್ರೆಡ್ಡು ಅದ್ದಿ ಅದ್ದಿ ತಿನ್ನುತ್ತಾ ನನ್ನ ಜನ್ಮ ಜಾಲಾಡಿದರು. "ಆ ಸುಡುಗಾಡು ಔಷಧಿ ನೀರು ಕುಡಿದು ಹದಿನಾಲ್ಕು ಸಲ ಓಡಿದೀನಿ. ಎಣಿಸಿದೀನಿ! ಎಲ್ಲ ನಿನ್ನ ಒಂದು ಹಾಳು ಕಾರ್ಡಿಂದ."

"ಕಾರ್ಡು ಸರಿಯಾಗೇ ಇತ್ತು. ನೀವೇ ನೋವಿನ ಮಾತ್ರೆ ನುಂಗಿರ್ತೀರ. ನಿಜ ಹೇಳಿ, ಆ ಮೂರು ದಿನ ಏನು ತಿಂದ್ರಿ?"

"ಯಾವ ಮೂರು ದಿನ? ನಾನು ಕೊಟ್ಟಿದ್ದು ಒಂದೇ ದಿನ. ಮಾರನೇ ದಿನ ನನ್ನ ಕೈಲಾಗಲ್ಲ ಅಂದೆ. ಇವಳು ಸಾಕು ಬಿಡಿ ಅಂದ್ಳು."

ಅಮ್ಮ ಒಮ್ಮೆಗೇ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಬೈಬೇಡ್ವೇ, ಹೇಳಿಬಿಡ್ತೀನಿ. ಒಂದು ಕಿಟಕಿ ಖಾಲಿ ಇದ್ರೂ ಕಸದಬುಟ್ಟಿಗೆ ಅಂದಿದ್ದೆ ನೀನು. ಇವರು ನೋಡಿದ್ರೆ ಮುಟ್ಟಲ್ಲ ಅಂತ ಹಟ. ಮತ್ತೆ ಅಪ್ಪ ಮಗಳ ಕುಸ್ತಿ ಯಾರು ನೋಡ್ತಾರೆ ಅಂತ ಉಳಿದೆರಡು ನಾನೇ ತುಂಬಿಸ್ದೆ. ಒಂದೇ ಮನೆ, ಒಂದೇ ಪಾತ್ರೆ ಊಟ, ಏನು ವ್ಯತ್ಯಾಸ ಇರುತ್ತೆ ಅಂದ್ಕೊಂಡೆ. ಆಮೇಲೆ ನೀಲಿ ಬಂತು ಅಂದ್ಯಲ್ಲ, ನನ್ನ ಕೈಕಾಲೇ ಆಡ್ಲಿಲ್ಲ. ಇಬ್ಬರದ್ದು ಬೆರೆಸಿದ್ದಕ್ಕೇ ಕಾರ್ಡು ಕೆಟ್ಟಿರ್ಬೇಕು ಅನ್ನಿಸ್ತು. ಹಾಗಂತ ಹೇಳಿ, ನಿಜವಾಗ್ಲೂ ಇವರಿಗೇನಾದ್ರೂ ಇದ್ದು ಬಿಟ್ಟುಹೋದ್ರೆ? ಒಂದ್ಸಲ ನೋಡೇ ಬಿಡ್ಲಿ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಅಬ್ಬಾ, ಈಗ ಹಗುರ ಆಯ್ತು!"

"ಅಯ್ಯೋ ಕಳ್ಳಿ!" ಎಂದರು ಅಪ್ಪ. "ನಿನ್ನ ಕಳ್ಳಾಟಕ್ಕೆ ನನ್ನ ಕರುಳು ತೊಳೆಸಿದ್ಯಲ್ಲೇ!" ಅವರಿಗೂ ನಗು ತಡೆಯಲಾಗಲಿಲ್ಲ. ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ನಕ್ಕರು. ಚಹಾದವನೂ ತಿರುಗಿ ನೋಡಿದ.

ಮೊದಲ ಕಿಟಕಿ ಹಾಗೇ ಇತ್ತು, ನೀಲಿಯಾಗಿದ್ದು ಉಳಿದೆರಡು. ಒಂಬತ್ತು ದಿನ ದಿನಕ್ಕೆ ಐದು ಸಲ ಫೋನು ಮಾಡಿದ್ದೆ. ನಿನಗೆ ಹೇಗಿದೆಯಮ್ಮ ಎಂದು ಒಂದು ಸಲವೂ ಕೇಳಿರಲಿಲ್ಲ. ಈಗ ನೆನಪು ಮಾಡಿಕೊಂಡರೂ ನಾಚಿಕೆಯಾಗುತ್ತದೆ.

"ಅಮ್ಮ, ಚೀಲ ಅಪ್ಪನ ಕೈಗೆ ಕೊಡು. ಮತ್ತೆ ಒಳಗೆ ಹೋಗೋಣ ಬಾ."

"ಇನ್ನೂ ಯಾಕೆ? ಇವರಿಗೇನೂ ಇಲ್ಲ ಅಂದ್ರಲ್ಲ ಡಾಕ್ಟ್ರು."

"ಅಪ್ಪನಿಗಲ್ಲಮ್ಮ."

ಅಪ್ಪನ ನಗು ನಿಂತಿತು. ಅಮ್ಮ ಇನ್ನೂ ಕಣ್ಣೊರೆಸಿಕೊಂಡು ನಗುತ್ತಲೇ ಇದ್ದಳು.

"ಮತ್ಯಾರಿಗೇ?" ಎಂದಳು.