ಬದರೀನಾಥರ ಎಡಜೇಬು

ಬದರೀನಾಥರು ನಡೆಯುತ್ತ ನಡೆಯುತ್ತ ಥಟ್ಟನೆ ನಿಂತರೆಂದರೆ ಮಂಡಿನೋವೆಂದು ಗಾಬರಿಪಡಬೇಕಾಗಿಲ್ಲ. ಯಾವುದೋ ಪದ ಅವರ ಕಾಲಿಗೆ ತೊಡರಿದೆ ಎಂದಷ್ಟೇ ಅರ್ಥ. ಟೆಕ್ಸಸ್ಸಿನ ನೂರು ಡಿಗ್ರಿ ಬಿಸಿಲಿನಲ್ಲೂ ಬಿಡದ ಕಂದು ಕೋಟಿನ ಬಲಜೇಬಿನಲ್ಲಿ ಮೂಲ ಖಚಿತವಾದ ಪದಗಳ ಚೀಟಿಗಳು, ಎಡಜೇಬಿನಲ್ಲಿ ಇನ್ನೂ ವಿಚಾರಣೆಯಲ್ಲಿರುವವು. ಹ್ಯೂಸ್ಟನ್ನಿನ ತೈಲ ಶುದ್ಧೀಕರಣ ಘಟಕವೊಂದರಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದ ಈ ಮೈಸೂರಿನವರು, ಇಂಧನವನ್ನು ಸೋಸಿದ ಶ್ರದ್ಧೆಯಿಂದಲೇ ಈಗ ಪದಗಳನ್ನು ಸೋಸುತ್ತಾರೆ.

ಕಳೆದ ವರ್ಷ ಅವರಿಗೆ ಅಂಟಿಕೊಂಡದ್ದು ಇಂಡೋನೇಷ್ಯಾದ 'ಬಾಹನ್ ಬಾಕರ್ ನಬಾತಿ'. ಸಸ್ಯಮೂಲದ ಇಂಧನಕ್ಕೆ ಅಲ್ಲಿಯ ಹೆಸರು. ಬಿಡಿಸಿದರೆ ಸಾಮಗ್ರಿ, ಸುಡು, ಸಸ್ಯದ್ದು. 'ನಬಾತಿ' ಅರಬ್ಬಿಯಿಂದ ಬಂದದ್ದು, 'ಬಾಕರ್' ಆ ದ್ವೀಪಗಳದ್ದೇ. ಉಳಿದ 'ಬಾಹನ್' ನಮ್ಮ 'ವಾಹನ'ದ ಸಂತಾನವೆಂದು ಅವರು ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಬರೆದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅಚ್ಚಾದ ಮೊದಲ ಲೇಖನ. ಸಂಪಾದಕನಾದ ನಾನೂ ಹಿಗ್ಗಿದೆ. ಯಾವ ದೇಶದ ಪದವಾದರೂ ಅದರ ಜಾತಕ ಸಂಸ್ಕೃತದಲ್ಲಿದೆ ಎಂದರೆ ಚಪ್ಪಾಳೆ ತಟ್ಟದ ಕನ್ನಡಿಗನನ್ನು ಡಲ್ಲಾಸಿನಿಂದ ಆಸ್ಟಿನ್ನಿನವರೆಗೆ ನಾನು ಕಂಡಿಲ್ಲ.

ಬಿಡುಗಡೆಗೆ ಎರಡು ದಿನವಿದ್ದಾಗ ಅವರ ಫೋನ್ ಬಂತು. ಸಂದೇಹ ಹುಟ್ಟಿ ಜಕಾರ್ತಾದ ಹಳೆಯ ಸಹೋದ್ಯೋಗಿಯನ್ನು ಕೇಳಿದರಂತೆ, ನಿಘಂಟುಗಳನ್ನೆಲ್ಲ ಜಾಲಾಡಿದರಂತೆ. 'ವಾಹನ'ಕ್ಕೆ ಆಧಾರವೊಂದೂ ಸಿಗಲಿಲ್ಲವಂತೆ. ಸದ್ದು ಕೂಡಿತೆಂದು ಸಂಬಂಧ ಕುದುರಿಸಿಬಿಟ್ಟೆ ಎಂದರು. ಮುನ್ನೂರು ಪ್ರತಿಗಳು ಆಗಲೇ ಡಲ್ಲಾಸಿನ ಪಕ್ಕದ ಫ್ರಿಸ್ಕೋದ ನನ್ನ ಗ್ಯಾರೇಜಿಗೆ ಬಂದಿದ್ದವು. ಯಾರೂ ಗಮನಿಸುವುದಿಲ್ಲ, ಬಿಡಿ ಎಂದೆ. ಮರುದಿನ ಬೆಳಿಗ್ಗೆ ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು, ಪತ್ನಿ ಕೃಷ್ಣವೇಣಿಯವರೊಡನೆ, ತಿದ್ದುಪಡಿ ಚೀಟಿಗಳ ಕಟ್ಟೊಂದು ಮತ್ತು ಮೈದಾ ಅಂಟಿನ ಡಬ್ಬಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು.

ಚೀಟಿಯಲ್ಲಿದ್ದದ್ದು ಇಷ್ಟೇ: 'ಬಾಹನ್ ಪದದ ಮೂಲ ಲೇಖಕನಿಗೆ ತಿಳಿಯದು. ವಾಹನ ಎಂದದ್ದು ಆಸೆಯ ಮಾತು.'

ಕೊನೆಯ ವಾಕ್ಯವಾದರೂ ಬೇಡ, ಮರ್ಯಾದೆ ಉಳಿಯಲಿ ಎಂದು ನಾನು ಬೇಡಿಕೊಂಡೆ. ನನ್ನ ಸಂಚಿಕೆಯ ಮರ್ಯಾದೆಯೂ ಅದರಲ್ಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

"ನಾನೂ ದಾರಿಯುದ್ದಕ್ಕೂ ಹೇಳ್ದೆ, ಯಾರ್ ನೋಡ್ತಾರೆ ಅಂತ," ಎಂದರು ಕೃಷ್ಣವೇಣಿ.

"ನಾನ್ ನೋಡ್ತೀನಲ್ಲ, ವೇಣಿ," ಎಂದರು ಅವರು.

ಕೋಟು ಕಳಚಿದ್ದನ್ನು ಅಂದೇ ನಾನು ಕಂಡದ್ದು. ಸಂಜೆಯವರೆಗೆ ಮೂವರೂ ಅಂಟಿಸಿದೆವು; ಸೊಟ್ಟಗಾದದ್ದನ್ನು ಅವರು ಕಿತ್ತು ಮತ್ತೆ ಹಚ್ಚಿದರು. ಹೊರಡುವಾಗ ಕೋಟು ತೊಟ್ಟು, ಬಲಜೇಬಿನಿಂದ 'ಬಾಹನ್' ಚೀಟಿಯನ್ನು ತೆಗೆದು ಎಡಜೇಬಿಗೆ ಹಾಕಿಕೊಂಡರು.

ಬಿಡುಗಡೆಯ ದಿನ ಅವರ ಲೇಖನಕ್ಕೆ ಚಪ್ಪಾಳೆ ಕಡಿಮೆಯೇ ಬಿತ್ತು. ಅವರ ಮುಖ ಸಣ್ಣದಾದದ್ದು ಕಂಡು ನನಗೆ ಸಂಕಟವಾಯಿತು. ಆದರೆ ಊಟದ ಸಾಲಿನಲ್ಲಿ ನಡೆಯುತ್ತ ಅವರು ಮತ್ತೆ ಥಟ್ಟನೆ ನಿಂತರು, ಹಿಂದಿನವರ ತಟ್ಟೆ ಬೆನ್ನಿಗೆ ತಾಗುವಂತೆ. ಕೈ ಎಡಜೇಬಿಗೆ ಹೋಗಿತ್ತು. ಎಲ್ಲವನ್ನೂ ನಮ್ಮದೆನ್ನುವ ಅಭಿಮಾನಿಗಳು ಯಾವ ಊರಿಗೆ ಹೋದರೂ ಸಿಗುತ್ತಾರೆ. 'ತಿಳಿಯದು' ಎಂಬುದನ್ನು ಮುನ್ನೂರು ಸಲ ಕೈಯಾರೆ ಅಂಟಿಸಿ, ಆಮೇಲೂ ಹುಡುಕುವವರು ಅಪರೂಪ. ಭಾಷೆಗೆ ನಿಜವಾದ ನೆಂಟರು ಇವರೇ.